ಮೂವತ್ತಮೂರು ದಿನಗಳ ಅಂತರ: ರಾಸಾಯನಿಕ ಅಸ್ತ್ರ, ರಾಸಾಯನಿಕ ಅಪಘಾತ ಮತ್ತು ಪಶ್ಚಿಮ ಬೆಂಗಳೂರಿನ ಬೀದಿ

ನಮ್ಮಲ್ಲಿ ವಿಷಾನಿಲದ ಚರಿತ್ರೆಯನ್ನು ಬರೆಯುವವರು ಭೋಪಾಲದಿಂದ ಶುರು ಮಾಡುತ್ತಾರೆ. ಅಸ್ತ್ರಗಳ ಚರಿತ್ರೆಯನ್ನು ಬರೆಯುವವರು ಮೊದಲ ಮಹಾಯುದ್ಧದಿಂದ. ಬೆಂಗಳೂರಿನಲ್ಲಿ ಕುಳಿತು ಈ ಎರಡನ್ನೂ ಒಟ್ಟಿಗೆ ನೋಡಲು ಹೊರಟವನಿಗೆ ಬೇರೊಂದು ಆರಂಭ ಸಿಗುತ್ತದೆ: 1915ರಲ್ಲಿ ಇಲ್ಲಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಾದ ಒಂದು ಪುಸ್ತಕ.

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಕಟ್ಟುಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲ ಸಂಸ್ಕೃತ ಪಾಠ ಪ್ರಕಟವಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕರೂಪದಲ್ಲಿ ಬಂತು. ಆ ಗ್ರಂಥದ ಹದಿನಾಲ್ಕನೆಯ ಅಧಿಕರಣ ಔಪನಿಷದಿಕ. ಶತ್ರುಸೇನೆಯನ್ನು ಕುರುಡಾಗಿಸುವ, ಉಸಿರುಗಟ್ಟಿಸುವ ಹೊಗೆಗಳ ವಿಚಾರ ಅದರಲ್ಲಿದೆ. ಓದಿದವರೆಲ್ಲ ಆ ಹೊಗೆಗಳನ್ನೇ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅದೇ ಅಧಿಕರಣದ ಕೊನೆಯ ಅಧ್ಯಾಯದ ಹೆಸರು ಸ್ವಬಲೋಪಘಾತಪ್ರತೀಕಾರ, ಅಂದರೆ ನಮ್ಮದೇ ಸೇನೆಗೆ ವಿಷದಿಂದಾಗುವ ಹಾನಿಗೆ ಮದ್ದು. ವಿಷವನ್ನು ಹೇಳಿದ ಕೈಯಲ್ಲೇ ಕೌಟಿಲ್ಯ ಪರಿಹಾರವನ್ನೂ ಹೇಳಿದ, ಅದನ್ನು ಬೇರೆ ಗ್ರಂಥಕ್ಕೆ ಎತ್ತಿಡಲಿಲ್ಲ. ಈ ಲೇಖನದ ಉದ್ದಕ್ಕೂ ನನ್ನನ್ನು ಕಾಡಿದ್ದು ಈ ಜೋಡಣೆ. ಆಧುನಿಕ ಭಾರತ ರಾಸಾಯನಿಕ ಅಪಾಯವನ್ನು ಎದುರಿಸಲು ಮಾಡಿದ ಕೆಲಸ ಕಡಿಮೆಯೇನಲ್ಲ. ಆದರೆ ಅಸ್ತ್ರವನ್ನು ಒಂದು ಕಡತದಲ್ಲಿಟ್ಟಿತು, ಅಪಘಾತವನ್ನು ಇನ್ನೊಂದರಲ್ಲಿ. ಎರಡೂ ಕಡತಗಳು ಸೇರಬೇಕಾಗಿದ್ದ ಜಾಗ ಬಡಾವಣೆಯ ಬೀದಿ. ಅಲ್ಲಿ ಎರಡೂ ತೆರೆದುಕೊಳ್ಳಲಿಲ್ಲ.

ಅದೇ 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪರ್ ಪಟ್ಟಣದ ಹೊರಗೆ ಜರ್ಮನ್ ಸೇನೆ ಐದು ಸಾವಿರಕ್ಕೂ ಹೆಚ್ಚು ಸಿಲಿಂಡರುಗಳನ್ನು ತೆರೆದು ಸುಮಾರು 150 ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ನಾಲ್ಕು ದಿನಗಳ ನಂತರ, ಏಪ್ರಿಲ್ 26ರಂದು, ಪ್ರತಿದಾಳಿಗೆ ಹೊರಟ ಭಾರತೀಯ ಸೇನೆಯ ಲಾಹೋರ್ ಡಿವಿಜನ್ನಿನ ಸಿಪಾಯಿಗಳ ಮೇಲೂ ಆ ಹಸಿರು ಹಳದಿ ಮೋಡ ಹರಿದು ಬಂತು. ಅವರ ಬಳಿ ಮುಖವಾಡವಿರಲಿಲ್ಲ, ಒದ್ದೆ ಬಟ್ಟೆಯಿತ್ತು. ಮುಂದೆ ಬಂದ ಮುಖವಾಡಗಳಲ್ಲಿ ವಿಷವನ್ನು ಹೀರಲು ಇದ್ದಿಲು ತುಂಬಲಾಯಿತು, ಆ ಇದ್ದಿಲಿಗೆ ಅತ್ಯುತ್ತಮ ಮೂಲವೆಂದು ಕಂಡುಬಂದದ್ದು ತೆಂಗಿನ ಕರಟ. ಇಂದು ವಿಜಯನಗರದ ಅಡುಗೆಮನೆಗಳ ಗೋಡೆಗೆ ತೂಗುಹಾಕಿದ ನೀರಿನ ಫಿಲ್ಟರಿನಲ್ಲೂ ಸಾಮಾನ್ಯವಾಗಿ ಕರಟದ ಇದ್ದಿಲೇ ಇರುತ್ತದೆ. ನಲ್ಲಿ ನೀರಿನಲ್ಲಿ ಉಳಿದ ಕ್ಲೋರಿನ್ನಿನ ವಾಸನೆಯನ್ನು ತೆಗೆಯುವುದೇ ಅದರ ಒಂದು ಕೆಲಸ. ಯುದ್ಧಭೂಮಿಯ ವಿಷ, ಅದರ ತಡೆ, ಎರಡೂ ನಮ್ಮ ಮನೆಯೊಳಗಿವೆ. ಕ್ಲೋರಿನ್ ಇಲ್ಲದಿದ್ದರೆ ಈ ಊರಿಗೆ ಕುಡಿಯುವ ನೀರೂ ಇಲ್ಲ. 1933ರ ತಿಪ್ಪಗೊಂಡನಹಳ್ಳಿ ಜಲಾಶಯವಿರಲಿ, 1974ರಲ್ಲಿ ಬಂದ ಕಾವೇರಿಯಿರಲಿ, ನೀರು ಮನೆ ತಲುಪಬೇಕಾದರೆ ಕಾಲರಾ ಮತ್ತು ಟೈಫಾಯ್ಡನ್ನು ಕೊಲ್ಲುವ ಕ್ಲೋರಿನ್ ಬೇಕು.

ವಿಷ ಎಂದರೆ ಯಾರಿಗೆ?

ಪ್ರತಿಯೊಂದು ಕಾನೂನೂ ಅಪಾಯವನ್ನು ಅಳೆಯಲು ತನ್ನದೇ ಒಂದು ಘಟಕವನ್ನು ಇಟ್ಟುಕೊಂಡಿರುತ್ತದೆ. ಈ ಚರಿತ್ರೆಯನ್ನು ಓದುವಾಗ ನಾನು ಹಿಡಿದುಕೊಂಡ ಎಳೆ ಅದು. 1919ರ ವಿಷಗಳ ಕಾಯಿದೆಯ ಘಟಕ ಒಬ್ಬ ಮನುಷ್ಯ. ಯಾರೋ ಒಬ್ಬ ಅಂಗಡಿಯಲ್ಲಿ ವಿಷ ಕೊಂಡು ಇನ್ನೊಬ್ಬನಿಗೆ ಉಣಿಸಿಯಾನು ಎಂಬ ಭಯ ಅದರ ಹಿಂದಿದೆ. ಲೈಸೆನ್ಸು, ರಿಜಿಸ್ಟರು, ಕೊಂಡವರ ಹೆಸರು, ಎಲ್ಲವೂ ಆ ಒಬ್ಬನನ್ನು ಹಿಡಿಯಲೆಂದೇ ಇವೆ. ಈಪರ್ ಕಳೆದು ನಾಲ್ಕು ವರ್ಷಗಳಾಗಿದ್ದರೂ ಸಾವಿರಾರು ಜನರನ್ನು ಒಟ್ಟಿಗೆ ಕೊಲ್ಲುವ ವಿಷದ ಕಲ್ಪನೆ ಆ ಕಾಯಿದೆಗೆ ಇಳಿದಿರಲಿಲ್ಲ.

ಬೆಂಗಳೂರಿಗೆ ಅದು ಅರ್ಥವಾದದ್ದು 1981ರ ಜುಲೈನಲ್ಲಿ. ಮಿಥೈಲ್ ಆಲ್ಕೋಹಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಕೂಲಿಕಾರರು. ಮಿಥೈಲ್ ಆಲ್ಕೋಹಾಲ್ ಕಾರ್ಖಾನೆಗಳಿಗೆ ಬೇಕಾದ ದ್ರಾವಕ. ಕಾರ್ಖಾನೆಗಾಗಿ ಬಂದ ರಾಸಾಯನಿಕ ಬಡವರ ಬಾಯಿಗೆ ಹೋಯಿತು. ಅದನ್ನು ಯಾರೂ ರಾಸಾಯನಿಕ ದುರಂತವೆಂದು ಕರೆಯಲಿಲ್ಲ, ಅಬಕಾರಿ ಪ್ರಕರಣವೆಂದರು. ಹೆಸರು ಬದಲಾದರೆ ಇಲಾಖೆಯೂ ಬದಲಾಗುತ್ತದೆ, ಕಲಿಯುವ ಪಾಠವೂ ಬದಲಾಗುತ್ತದೆ. ಆ ಸಾವುಗಳು ಅಬಕಾರಿ ಕಡತದಲ್ಲೇ ಉಳಿದವು. ರಾಸಾಯನಿಕ ಸುರಕ್ಷತೆಯ ಚರಿತ್ರೆಯಲ್ಲಿ ಅವುಗಳಿಗೆ ಒಂದು ಸಾಲೂ ಸಿಕ್ಕದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಆವರಣದ ಗೋಡೆ

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಿಂದ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಹೊರಬಂತು. ಮುಂದಿನ ವರ್ಷ ಡಿಸೆಂಬರಿನಲ್ಲೇ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಸೋರಿತು. ಅಲ್ಲಿಂದ ಹತ್ತು ವರ್ಷ ಭಾರತದಲ್ಲಿ ಕಾನೂನುಗಳ ಮಳೆಯೇ ಸುರಿಯಿತು: 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಹೊಸ ಅಧ್ಯಾಯ, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು, 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯಿದೆ.

ಭೋಪಾಲ ಪ್ರಕರಣದಲ್ಲಿ ಕನ್ನಡಿಗರ ಪಾಲೂ ಇದೆ. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿನ ರಾಜಿಯನ್ನು ಒಪ್ಪಿದ ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ಇಬ್ಬರು ನಮ್ಮವರು: ಪಾಂಡವಪುರ ಸೀಮೆಯ ಇ. ಎಸ್. ವೆಂಕಟರಾಮಯ್ಯ ಮತ್ತು ಬೆಂಗಳೂರಿನ ಎಂ. ಎನ್. ವೆಂಕಟಾಚಲಯ್ಯ. ಆ ರಾಜಿ ಸಂತ್ರಸ್ತರಿಗೆ ನ್ಯಾಯ ಕೊಡಲಿಲ್ಲ ಎಂಬ ಕೂಗೆದ್ದಾಗ ಪುನರ್ವಿಮರ್ಶೆ ನಡೆಯಿತು. 1991ರ ಅಕ್ಟೋಬರ್ 3ರ ತೀರ್ಪನ್ನು ಬರೆದವರು ವೆಂಕಟಾಚಲಯ್ಯನವರು. ಹಣದ ಮೊತ್ತ ಹಾಗೆಯೇ ಉಳಿಯಿತು, ರದ್ದಾಗಿದ್ದ ಕ್ರಿಮಿನಲ್ ಮೊಕದ್ದಮೆಗಳು ಮತ್ತೆ ಜೀವ ಪಡೆದವು. ಮೊತ್ತದ ಬಗ್ಗೆ ನನ್ನದು ಸಂತ್ರಸ್ತರ ಪಕ್ಷ, ಅದು ಬಹಳ ಕಡಿಮೆ. ಆದರೆ ಮೊಕದ್ದಮೆಗಳನ್ನು ಮತ್ತೆ ತೆರೆದದ್ದು ಸಣ್ಣ ಸಂಗತಿಯಲ್ಲ. ರಾಸಾಯನಿಕದಿಂದಾದ ಸಾಮೂಹಿಕ ಸಾವನ್ನು ಬರೀ ಹಣದಲ್ಲಿ ಮುಗಿಸಲಾಗದು ಎಂಬುದು ಅಲ್ಲಿ ದಾಖಲಾಯಿತು.

1989ರ ನಿಯಮಗಳ ಘಟಕ ಮನುಷ್ಯನಲ್ಲ, ಆವರಣ. ಒಂದು ಕಾಂಪೌಂಡಿನೊಳಗೆ ಯಾವ ರಾಸಾಯನಿಕ ಎಷ್ಟಿದೆ ಎಂಬುದು ಅದರ ಪ್ರಶ್ನೆ. ಪ್ರತಿಯೊಂದಕ್ಕೂ ಮಿತಿ ಪ್ರಮಾಣವಿದೆ. ಮಿಥೈಲ್ ಐಸೊಸಯನೇಟಿಗೆ 150 ಕಿಲೋ, ಫಾಸ್ಜೀನಿಗೆ 750 ಕಿಲೋ. ಕ್ಲೋರಿನ್ನಿಗೆ ಕೆಳಗಿನ ಮಿತಿ 10 ಟನ್, ಮೇಲಿನದು 25 ಟನ್. ಕೆಳಮಿತಿ ಮುಟ್ಟಿದ ಕೂಡಲೇ ಆ ಜಾಗ ಭಾರಿ ಅಪಘಾತದ ಸಾಧ್ಯತೆಯಿರುವ ಸ್ಥಾವರಗಳ ಪಟ್ಟಿಗೆ ಸೇರುತ್ತದೆ. ಮಾಲೀಕ ಆವರಣದೊಳಗಿನ ತುರ್ತು ಯೋಜನೆ ಬರೆಯಬೇಕು, ಆಡಳಿತ ಹೊರಗಿನ ಯೋಜನೆ ಬರೆಯಬೇಕು, ಸುತ್ತಲಿನ ಜನಕ್ಕೆ ಏನಾದರೆ ಏನು ಮಾಡಬೇಕೆಂದು ಮೊದಲೇ ತಿಳಿಸಬೇಕು. ಮೇಲಿನ ಮಿತಿ ದಾಟಿದರೆ ಸುರಕ್ಷತಾ ವರದಿಯನ್ನೂ ಸಲ್ಲಿಸಬೇಕು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಇಲ್ಲೊಂದು ಲೆಕ್ಕ ಮಾಡಿ ನೋಡೋಣ. ಕುಡಿಯುವ ನೀರಿನ ಕೆಲಸದಲ್ಲಿ ಬಳಸುವ ದೊಡ್ಡ ಕ್ಲೋರಿನ್ ಪೀಪಾಯಿಗೆ ಟೋನರ್ ಎನ್ನುತ್ತಾರೆ, ಒಂದರಲ್ಲಿ ಸುಮಾರು 900 ಕಿಲೋ ಹಿಡಿಯುತ್ತದೆ. ಹನ್ನೊಂದು ಟೋನರ್ ಇಟ್ಟರೆ 9.9 ಟನ್ ಆಯಿತು. ಹನ್ನೆರಡನೆಯದು ಬಂದಾಗ ಮಾತ್ರ ನಿಯಮ ಎಚ್ಚರಗೊಳ್ಳುತ್ತದೆ. ಆವರಣವೇ ಘಟಕವಾದ್ದರಿಂದ ಪಕ್ಕದಲ್ಲಿ ಬೇರೊಬ್ಬ ಮಾಲೀಕನ ಆವರಣದಲ್ಲಿರುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಸೋರಿದ ಅನಿಲ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. ಅದು ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲಕ್ಕೆ ಅಂಟಿಕೊಂಡು ತಗ್ಗಿಗೆ ಹರಿಯುತ್ತದೆ.

1996ರ ಆಗಸ್ಟ್ ಮತ್ತು ಸೆಪ್ಟೆಂಬರ್

ಈಗ ಈ ಚರಿತ್ರೆಯ ನಡುಮಧ್ಯಕ್ಕೆ ಬರುತ್ತೇನೆ. 1996ರ ಜೂನ್ 1ರಂದು ಎಚ್. ಡಿ. ದೇವೇಗೌಡರು ಪ್ರಧಾನಿಯಾದರು. ಆಗಸ್ಟ್ 1ರಂದು ಕೇಂದ್ರ ಪರಿಸರ ಸಚಿವಾಲಯ ರಾಸಾಯನಿಕ ಅಪಘಾತಗಳ ನಿಯಮಗಳನ್ನು ಪ್ರಕಟಿಸಿತು. ತುರ್ತು ಯೋಜನೆ, ಸಿದ್ಧತೆ ಮತ್ತು ಪ್ರತಿಕ್ರಿಯೆಗೆ ಸಂಬಂಧಿಸಿದ ನಿಯಮಗಳು ಅವು. ಸೆಪ್ಟೆಂಬರ್ 3ರಂದು ಭಾರತ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಸ್ಥಿರೀಕರಣ ಪತ್ರವನ್ನು ಸಲ್ಲಿಸಿತು. ಎರಡರ ನಡುವಿನ ಅಂತರ ಮೂವತ್ತಮೂರು ದಿನ. ಒಬ್ಬರೇ ಪ್ರಧಾನಿ, ಒಂದೇ ಸಂಪುಟ. ಮೊದಲನೆಯದು ಭೋಪಾಲದ ಮಗು, ಎರಡನೆಯದು ಈಪರ್‌ನ ಮೊಮ್ಮಗು. ಒಂದು ಸಿದ್ಧವಾದದ್ದು ಪರಿಸರ ಸಚಿವಾಲಯದಲ್ಲಿ, ಇನ್ನೊಂದು ವಿದೇಶಾಂಗದಲ್ಲಿ. ಅವೆರಡರ ನಡುವೆ ಸೇತುವೆ ಕಟ್ಟುವ ಕೆಲಸ ಮಾತ್ರ ಆಗಲಿಲ್ಲ.

ಆ ವಾರಗಳಲ್ಲಿ ದೇಶದ ಗಮನ ಇನ್ನೊಂದು ಒಪ್ಪಂದದ ಮೇಲಿತ್ತು. ಜಿನೀವಾದಲ್ಲಿ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಆಗಸ್ಟಿನಲ್ಲಿ ತಡೆಯೊಡ್ಡಿತು, ರಾಯಭಾರಿ ಅರುಂಧತಿ ಘೋಷ್ ಅವರ ಮಾತುಗಳು ಪತ್ರಿಕೆಗಳ ಮುಖಪುಟದಲ್ಲಿ ಬಂದವು. ಅಣುವಿಗೆ ಇಲ್ಲವೆಂದ ಸರ್ಕಾರವೇ ಮರುತಿಂಗಳ ಆರಂಭದಲ್ಲಿ ರಾಸಾಯನಿಕ ಅಸ್ತ್ರ ನಿಷೇಧಕ್ಕೆ ಹೂಂ ಅಂದಿತು. ಇದರಲ್ಲಿ ವೈರುಧ್ಯವಿದೆ ಎಂದು ಹಲವರು ಹೇಳಿದ್ದಾರೆ, ನನಗೆ ಹಾಗೆ ಕಾಣುವುದಿಲ್ಲ. ಅಣು ಒಪ್ಪಂದಗಳು ಅಸ್ತ್ರವಿದ್ದವರಿಗೊಂದು, ಇಲ್ಲದವರಿಗೊಂದು ನ್ಯಾಯ ಮಾಡುತ್ತವೆ ಎಂಬುದು ಭಾರತದ ತಕರಾರಾಗಿತ್ತು. ರಾಸಾಯನಿಕ ಒಪ್ಪಂದದಲ್ಲಿ ಆ ಭೇದವಿಲ್ಲ. ಅಮೆರಿಕವಿರಲಿ ಭಾರತವಿರಲಿ, ಇದ್ದ ಅಸ್ತ್ರವನ್ನು ಘೋಷಿಸಬೇಕು, ತಪಾಸಣೆಗಾರರ ಎದುರು ನಾಶಮಾಡಬೇಕು.

ಘೋಷಿಸುವುದು ಸುಲಭವಾಗಿರಲಿಲ್ಲ. 1992ರ ಆಗಸ್ಟ್ 19ರಂದು ಭಾರತ ಮತ್ತು ಪಾಕಿಸ್ತಾನ ದೆಹಲಿಯಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, ರಾಸಾಯನಿಕ ಅಸ್ತ್ರಗಳನ್ನು ತಯಾರಿಸುವುದಿಲ್ಲ, ಪಡೆಯುವುದಿಲ್ಲ, ಬಳಸುವುದಿಲ್ಲ ಎಂದು ಮಾತು ಕೊಟ್ಟಿದ್ದವು. 1993ರ ಜನವರಿ 14ರಂದು ಪಿ. ವಿ. ನರಸಿಂಹರಾವ್ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿತು. ದೇವೇಗೌಡರು ಅಧಿಕಾರ ಬಿಟ್ಟ ಎಂಟನೆಯ ದಿನ, 1997ರ ಏಪ್ರಿಲ್ 29ರಂದು, ಒಪ್ಪಂದ ಜಾರಿಗೆ ಬಂತು. ಜೂನ್‌ನಲ್ಲಿ ಭಾರತ ತನ್ನ ಬಳಿ 1,044 ಟನ್ ಸಾಸಿವೆ ಅನಿಲವಿದೆ ಎಂದು ಘೋಷಿಸಿತು. ಸಾಸಿವೆ ಅನಿಲವೆಂದರೆ ಸಾಸಿವೆಗೆ ಸಂಬಂಧವಿಲ್ಲದ, ಗಂಧಕವಿರುವ, ಚರ್ಮದ ಮೇಲೆ ಬೊಕ್ಕೆ ಏಳಿಸುವ ವಿಷ. ಅಲ್ಲಿಯವರೆಗೆ ಲೋಕದೆದುರು ಇಲ್ಲವೆನ್ನುತ್ತ ಬಂದದ್ದನ್ನು ಇದೆ ಎಂದು ಒಪ್ಪಿಕೊಂಡ ಕ್ಷಣವದು. ಮುಜುಗರವಾಯಿತು, ನಿಜ. ಆದರೆ ಒಪ್ಪಿಕೊಂಡ ಮೇಲೆ ಭಾರತ ಕೆಲಸವನ್ನು ಅರೆಬರೆ ಮಾಡಲಿಲ್ಲ. 2009ರ ಮಾರ್ಚಿನಲ್ಲಿ ಕೊನೆಯ ಕಿಲೋವರೆಗೂ ನಾಶಮಾಡಿ, ಗಡುವು ಮುಗಿಯುವ ಮುಂಚೆಯೇ, ಅಲ್ಬೇನಿಯಾ ಮತ್ತು ದಕ್ಷಿಣ ಕೊರಿಯಾದ ನಂತರ ಈ ಕೆಲಸ ಮುಗಿಸಿದ ಮೂರನೆಯ ದೇಶವಾಯಿತು. ಅಮೆರಿಕ ತನ್ನ ಕೊನೆಯ ದಾಸ್ತಾನನ್ನು ಮುಗಿಸಿದ್ದು 2023ರ ಜುಲೈನಲ್ಲಿ. ಜಗತ್ತು ಘೋಷಿಸಿದ್ದ 72,000 ಟನ್ನಿಗೂ ಹೆಚ್ಚಿನ ಅಸ್ತ್ರರಾಶಿ ಅಂದಿಗೆ ತೀರಿತು. ಕನ್ನಡಿಗ ಪ್ರಧಾನಿಯೊಬ್ಬರ ಹನ್ನೊಂದು ತಿಂಗಳ ಆಡಳಿತವನ್ನು ನೆನೆಯುವವರು ಈ ಸ್ಥಿರೀಕರಣವನ್ನು ಎಣಿಸುವುದೇ ಇಲ್ಲ. ಅದು ಎಣಿಸಬೇಕಾದ ಕೆಲಸ.

ಪಟ್ಟಿಯಲ್ಲಿಲ್ಲದ ವಿಷ

ಒಪ್ಪಂದದ ಘಟಕ ದೇಶ. ದೇಶದೊಳಗೆ ಅದನ್ನು ಜಾರಿಮಾಡಲು 1997ರ ಮೇನಲ್ಲಿ ಸಂಪುಟ ಕಾರ್ಯಾಲಯದಡಿ ರಾಷ್ಟ್ರೀಯ ಪ್ರಾಧಿಕಾರ ಸ್ಥಾಪನೆಯಾಯಿತು. 2000ದ ರಾಸಾಯನಿಕ ಅಸ್ತ್ರ ಒಪ್ಪಂದ ಕಾಯಿದೆ 2005ರ ಜುಲೈ 1ರಂದು ಜಾರಿಗೆ ಬಂತು. ಅದೇ 2005ರ ಜೂನ್‌ನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯಿದೆ, ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯಿದೆ. ಮೊದಲನೆಯದರ ಹಿಂದೆ ಭದ್ರತಾ ಮಂಡಳಿಯ 2004ರ 1540ನೆಯ ನಿರ್ಣಯವಿತ್ತು, ಎರಡನೆಯದರ ಹಿಂದೆ ಸುನಾಮಿಯ ನೆನಪು. 2022ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯಿದೆಗೆ ತಿದ್ದುಪಡಿಯಾಗಿ, ಇಂಥ ಅಸ್ತ್ರಗಳಿಗೆ ಹಣ ಒದಗಿಸುವುದೂ ಅಪರಾಧವಾಯಿತು.

ಒಪ್ಪಂದ ರಾಸಾಯನಿಕಗಳನ್ನು ಮೂರು ಅನುಸೂಚಿಗಳಲ್ಲಿ ಇಟ್ಟಿದೆ. ಮೊದಲನೆಯದರಲ್ಲಿ ಸಾಸಿವೆ ಅನಿಲ, ಸರಿನ್‌ನಂಥ ನೇರ ಅಸ್ತ್ರವಸ್ತುಗಳಿವೆ. ಒಂದು ದೇಶ ಅವನ್ನೆಲ್ಲ ಸೇರಿಸಿ ಒಂದು ಟನ್ನಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೂರನೆಯದರಲ್ಲಿ ಫಾಸ್ಜೀನ್, ಹೈಡ್ರೊಜನ್ ಸಯನೈಡ್‌ನಂಥ, ಯುದ್ಧದಲ್ಲಿ ಬಳಸಿದ ಮತ್ತು ಉದ್ಯಮಕ್ಕೂ ಬೇಕಾದ ವಸ್ತುಗಳಿವೆ. ವರ್ಷಕ್ಕೆ 30 ಟನ್ನಿಗಿಂತ ಹೆಚ್ಚು ತಯಾರಿಸುವ ಕಾರ್ಖಾನೆ ಅದನ್ನು ಘೋಷಿಸಬೇಕು.

ಕ್ಲೋರಿನ್ ಈ ಮೂರೂ ಪಟ್ಟಿಗಳಲ್ಲಿ ಇಲ್ಲ. ಮೊದಲ ಬಾರಿ ರಣರಂಗದಲ್ಲಿ ಸಾವಿರಾರು ಜನರ ಉಸಿರು ಕಿತ್ತುಕೊಂಡ ಅನಿಲವನ್ನು ಪಟ್ಟಿಗೆ ಸೇರಿಸಲಾಗಲಿಲ್ಲ, ಏಕೆಂದರೆ ಕೋಟ್ಯಂತರ ಜನರ ಕುಡಿಯುವ ನೀರು, ಕಾಗದ, ಪ್ಲಾಸ್ಟಿಕ್, ಔಷಧ ಎಲ್ಲ ಅದರ ಮೇಲೆ ನಿಂತಿವೆ. ಒಪ್ಪಂದದ ಎರಡನೆಯ ವಿಧಿ ಇದಕ್ಕೆ ದಾರಿ ಮಾಡಿದೆ: ಪಟ್ಟಿಯಲ್ಲಿರಲಿ ಬಿಡಲಿ, ವಿಷವಸ್ತುವನ್ನು ನಿಷಿದ್ಧ ಉದ್ದೇಶಕ್ಕೆ ಬಳಸಿದರೆ ಅದು ರಾಸಾಯನಿಕ ಅಸ್ತ್ರ. ಹೀಗಾಗಿಯೇ ಸಿರಿಯಾದ ಸರಾಕಿಬ್ ಮತ್ತು ದೂಮಾದಲ್ಲಿ 2018ರಲ್ಲಿ ಬಳಕೆಯಾದ ಕ್ಲೋರಿನ್ ಬಗ್ಗೆ, ಒಪ್ಪಂದದ ಪಾಲನೆಯನ್ನು ನೋಡಿಕೊಳ್ಳುವ ಹೇಗ್‌ನ ಸಂಸ್ಥೆ ತನಿಖೆ ನಡೆಸಬಲ್ಲುದಾಯಿತು. ಉದ್ದೇಶವನ್ನು ನೋಡುವ ಈ ನಿಯಮ ಒಪ್ಪಂದದ ಅತ್ಯಂತ ವಿವೇಕದ ಭಾಗ. ಆದರೆ ಉದ್ದೇಶ ಗೊತ್ತಾಗುವುದು ಕೃತ್ಯ ನಡೆದ ಮೇಲೆ. ಅದಕ್ಕೂ ಮುಂಚೆ ಕ್ಲೋರಿನ್ನನ್ನು ಕಾಯಬೇಕಾದದ್ದು ಭೋಪಾಲದ ನಂತರದ ನಿಯಮಗಳು, ಅಂದರೆ 10 ಟನ್ನಿನ ಲೆಕ್ಕ.

ಪಶ್ಚಿಮ ಬೆಂಗಳೂರಿಗೆ ಈ ಪಟ್ಟಿಗಳು ಎಷ್ಟು ಹತ್ತಿರ ಎಂಬುದಕ್ಕೆ ಒಂದು ಉದಾಹರಣೆ ಸಾಕು. ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಆಚೆಗೆ ಪೀಣ್ಯ: ಇಲ್ಲಿನ ಸಣ್ಣ ಶೆಡ್ಡುಗಳಲ್ಲಿ ಲೇತು, ಸಿಎನ್‌ಸಿ ಯಂತ್ರ, ಪ್ಲೇಟಿಂಗ್ ತೊಟ್ಟಿಗಳು ನಡೆಯುತ್ತವೆ. 2018ರ ಜನವರಿ 19ರಂದು ಭಾರತ ಆಸ್ಟ್ರೇಲಿಯಾ ಗ್ರೂಪ್ ಎಂಬ ರಫ್ತು ನಿಯಂತ್ರಣ ಕೂಟಕ್ಕೆ ಸೇರಿತು. ಆ ಕೂಟದ ನಿಯಂತ್ರಣಗಳು ನಮ್ಮ ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯಲ್ಲಿ ಕಾಣುತ್ತವೆ. ಹೆಚ್ಚು ನಿಕಲ್ ಇರುವ, ಆಮ್ಲಕ್ಕೆ ಜಗ್ಗದ ಮಿಶ್ರಲೋಹದ ಕೆಲವು ವಾಲ್ವು, ಪಂಪು, ರಿಯಾಕ್ಟರುಗಳನ್ನು ಹೊರದೇಶಕ್ಕೆ ಕಳಿಸಬೇಕಾದರೆ ಅನುಮತಿ ಬೇಕು. ಪ್ಲೇಟಿಂಗಿಗೆ ಬಳಸುವ ಸೋಡಿಯಂ ಸಯನೈಡ್ ಕೂಡ ಆ ಕೂಟದ ಪಟ್ಟಿಯಲ್ಲಿದೆ. ಹಡಗು ಹತ್ತುವಾಗ ಅದು ಸಾಮೂಹಿಕ ವಿನಾಶದ ಅಸ್ತ್ರಕ್ಕೆ ಬಳಕೆಯಾಗಬಹುದಾದ ವಸ್ತು. ಮಾಗಡಿ ರಸ್ತೆಯ ಶೆಡ್ಡಿನ ಮೂಲೆಯ ಡ್ರಮ್ಮಿನಲ್ಲಿದ್ದಾಗ ಕೂಲಿಕಾರನೊಬ್ಬ ಬರಿಗೈಯಲ್ಲಿ ಮುಟ್ಟಬಹುದಾದ ದಿನಬಳಕೆಯ ಉಪ್ಪು. ಎರಡೂ ಒಂದೇ ವಸ್ತು. ಗಡಿಯಲ್ಲಿ ಅದನ್ನು ಕಾಯುವ ಕಣ್ಣು ತೀಕ್ಷ್ಣವಾಗಿದೆ, ಒಳಗೆ ಅದು ಯಾವ ಆಮ್ಲದ ಕ್ಯಾನಿನ ಪಕ್ಕ ಕುಳಿತಿದೆ ಎಂದು ನೋಡುವ ಕಣ್ಣು ಮಂದವಾಗಿದೆ.

ಬಡಾವಣೆ ಎಂಬ ಘಟಕ

ರಾಜಾಜಿನಗರವನ್ನು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮನೆಗಳನ್ನೂ ಕೈಗಾರಿಕೆಗಳನ್ನೂ ಒಟ್ಟಿಗೆ ಕಲ್ಪಿಸಿಕೊಂಡು ಕಟ್ಟಲಾಯಿತು. ಕೆಲಸಗಾರ ನಡೆದುಕೊಂಡೇ ಕಾರ್ಖಾನೆಗೆ ಹೋಗಲಿ ಎಂಬುದು ಆ ಕಾಲದ ಒಳ್ಳೆಯ ಆಲೋಚನೆ. ಬಸವೇಶ್ವರನಗರ, ವಿಜಯನಗರಗಳು ಬೆಳೆದಂತೆ ನಡುವಿನ ಖಾಲಿ ಜಾಗ ಮಾಯವಾಯಿತು. ಕೆಳಗೆ ಗೋದಾಮು, ಮೇಲೆ ಬಾಡಿಗೆ ಮನೆ ಎಂಬ ಕಟ್ಟಡ ಈ ಭಾಗದಲ್ಲಿ ಹೊಸದಲ್ಲ. ಇಲ್ಲಿ ಭೋಪಾಲದಂಥ ಒಂದು ದೈತ್ಯ ಟ್ಯಾಂಕಿಲ್ಲ. ಮಿತಿಗಿಂತ ಕಡಿಮೆಯಿರುವ ನೂರಾರು ಡ್ರಮ್ಮುಗಳಿವೆ. ಆವರಣವನ್ನೇ ಘಟಕವೆಂದು ಅಳೆಯುವ ನಿಯಮಕ್ಕೆ ಈ ನೂರಾರು ಡ್ರಮ್ಮುಗಳು ಒಂದೊಂದಾಗಿ ಕಾಣುವುದಿಲ್ಲ, ಒಟ್ಟಾಗಿಯೂ ಕಾಣುವುದಿಲ್ಲ.

2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರದ ಪಕ್ಕ, ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಸ್ಯಾನಿಟೈಸರ್ ಕಾಲವದು, ದ್ರಾವಕಗಳಿಗೆ ಬೇಡಿಕೆಯಿತ್ತು. ಡ್ರಮ್ಮುಗಳು ಒಂದರ ಹಿಂದೊಂದು ಸಿಡಿದವು. ಕಪ್ಪು ಹೊಗೆ ದೂರದವರೆಗೂ ಕಂಡಿತು, ಅಕ್ಕಪಕ್ಕದ ಮನೆಗಳವರನ್ನು ಖಾಲಿ ಮಾಡಿಸಬೇಕಾಯಿತು, ಅಗ್ನಿಶಾಮಕ ಸಿಬ್ಬಂದಿ ಗಂಟೆಗಟ್ಟಲೆ ಹೋರಾಡಿದರು. ಬೇಗ ಹೊತ್ತಿಕೊಳ್ಳುವ ದ್ರವಗಳಿಗೆ 1989ರ ನಿಯಮಗಳ ಮಿತಿ ಸಾವಿರಾರು ಟನ್ನಿನ ಲೆಕ್ಕದಲ್ಲಿದೆ. ಒಂದು ಬೀದಿಯ ಗೋದಾಮು ಆ ಎತ್ತರಕ್ಕೆ ಏರುವುದೇ ಇಲ್ಲ. ಆದರೆ ಆ ಬೀದಿಯ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡಬೇಕಾಯಿತು. ಯಾವ ಡ್ರಮ್ಮಿನಲ್ಲಿ ಏನಿದೆ ಎಂಬುದು ಬೆಂಕಿಯ ಮುಂದೆ ನಿಂತವನಿಗೆ ಮೊದಲೇ ಗೊತ್ತಿರಬೇಕಾದ ಮಾತು. ಕೆಲವು ವಸ್ತುಗಳಿಗೆ ನೀರು ಹಾಕಿದರೆ ಆರುತ್ತದೆ, ಕೆಲವಕ್ಕೆ ನೀರು ಹಾಕಿದರೆ ಕೆರಳುತ್ತದೆ.

ರಸ್ತೆಯ ಮೇಲೆ ಓಡುವ ರಾಸಾಯನಿಕಕ್ಕೆ ಈ ಮಾಹಿತಿ ಕೊಡುವ ವ್ಯವಸ್ಥೆ ಇದೆ ಎಂಬುದನ್ನು ನೆನೆದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಹೊತ್ತ ಪ್ರತಿ ವಾಹನವೂ ತುರ್ತು ಮಾಹಿತಿ ಫಲಕ ಹೊತ್ತಿರಬೇಕು. ಕೆಂಗೇರಿಯಲ್ಲಿ ನೈಸ್ ರಸ್ತೆ ಮೈಸೂರು ರಸ್ತೆಯನ್ನು ದಾಟುವ ಕಡೆ ಅರ್ಧ ಗಂಟೆ ನಿಂತರೆ ಅವನ್ನು ಓದಬಹುದು. 1203 ಎಂದಿದ್ದರೆ ಪೆಟ್ರೋಲು, 1075 ಅಡುಗೆ ಅನಿಲ, 1830 ಗಂಧಕಾಮ್ಲ, 1017 ಕ್ಲೋರಿನ್. ನಾಲ್ಕಂಕಿಯ ಈ ಸಂಖ್ಯೆಗಳು ವಿಶ್ವಸಂಸ್ಥೆಯ ಪಟ್ಟಿಯವು, ಯಾವ ದೇಶದ ಅಗ್ನಿಶಾಮಕನಿಗೂ ಅರ್ಥವಾಗುವ ಭಾಷೆ. ಲಾರಿ ಗೋದಾಮು ತಲುಪಿ ಡ್ರಮ್ಮು ಇಳಿಸಿದ ಕೂಡಲೇ ಆ ಭಾಷೆ ಬೀದಿಯಿಂದ ಮರೆಯಾಗುತ್ತದೆ. ಶಟರಿನ ಮೇಲೆ ಫಲಕವಿರುವುದಿಲ್ಲ.

ವೈದ್ಯಕೀಯದಲ್ಲಿ ಮಾತ್ರ ಎರಡು ಕಡತಗಳು ತಾವಾಗಿಯೇ ಸೇರಿಬಿಟ್ಟಿವೆ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ಸರಿನ್ ಬಿಟ್ಟಾಗ ಗಾಯಗೊಂಡವರಿಗೆ ಕೊಟ್ಟ ಅಟ್ರೊಪೀನ್ ಮತ್ತು ಪ್ರಾಲಿಡಾಕ್ಸಿಮ್ ಕರ್ನಾಟಕದ ವೈದ್ಯರಿಗೆ ಹೊಸವಲ್ಲ. ಸಾಲಕ್ಕೆ ಸಿಕ್ಕಿದ ರೈತ ಆರ್ಗನೊಫಾಸ್ಫೇಟ್ ಕೀಟನಾಶಕ ಕುಡಿದು ಬಂದಾಗ ಅವರು ಹುಡುಕುವುದೂ ಇವನ್ನೇ. ಎರಡೂ ವಿಷಗಳು ದೇಹದ ಒಂದೇ ಕಿಣ್ವವನ್ನು ತಡೆಯುತ್ತವೆ. ನಮ್ಮ ಜಿಲ್ಲಾ ಆಸ್ಪತ್ರೆಯ ನರ್ಸು ನರಘಾತಕ ವಿಷದ ಲಕ್ಷಣಗಳನ್ನು ಯಾವ ಸೇನಾ ತರಬೇತಿಗೂ ಹೋಗದೆ ಕಲಿತಿದ್ದಾಳೆ. ಆ ಅರಿವು ಎಂಥ ದುಃಖದಿಂದ ಬಂದದ್ದು ಎಂದು ಬೇರೆ ಹೇಳಬೇಕಿಲ್ಲ.

ಸರ್ಕಾರದ ಪುಸ್ತಕಗಳಲ್ಲಿ ಮಾತ್ರ ಬೇರ್ಪಾಟು ಮುಂದುವರಿಯಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2007ರಲ್ಲಿ ಕೈಗಾರಿಕಾ ರಾಸಾಯನಿಕ ದುರಂತಗಳಿಗೆ ಒಂದು ಮಾರ್ಗಸೂಚಿ ತಂದಿತು, 2009ರಲ್ಲಿ ಭಯೋತ್ಪಾದಕರ ರಾಸಾಯನಿಕ ಕೃತ್ಯಗಳಿಗೆ ಇನ್ನೊಂದು. ಪುಸ್ತಕಗಳು ಎರಡಾದರೂ ಹೊಗೆಯೊಳಗೆ ಹೋಗಬೇಕಾದ ಅಗ್ನಿಶಾಮಕ ಸಿಬ್ಬಂದಿ ಅವರೇ, ಗಾಯಾಳುವನ್ನು ಹೊರುವ ಆಂಬುಲೆನ್ಸೂ ಅದೇ. ಸೋರಿಕೆ ಕೈತಪ್ಪಿ ಆದದ್ದೋ ಕೈಯಾರೆ ಮಾಡಿದ್ದೋ ಎಂಬುದು ಪೊಲೀಸರಿಗೆ ಮರುದಿನ ಬೇಕಾದ ಪ್ರಶ್ನೆ. ಮೊದಲ ಹತ್ತು ನಿಮಿಷದಲ್ಲಿ ಬೇಕಾದ ಪ್ರಶ್ನೆಗಳು ಬೇರೆ: ಗಾಳಿ ಎತ್ತ ಬೀಸುತ್ತಿದೆ, ನೆಲಮಾಳಿಗೆಯಲ್ಲಿ ಯಾರಿದ್ದಾರೆ, ಮೇಲಿನ ಮಹಡಿಗೆ ಹೋಗಬೇಕೋ ಕೆಳಗಿಳಿಯಬೇಕೋ. ಕ್ಲೋರಿನ್ ಆದರೆ ಮೇಲೆ ಹೋಗಬೇಕು.

ಸೇನೆಗೆ ಯಂತ್ರಗಳು ಬರುತ್ತಿವೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ರೂಪಿಸಿದ, ಗಾಳಿಯಲ್ಲಿನ ವಿಷವನ್ನು ಅಯಾನುಗಳ ಚಲನೆಯಿಂದ ಗುರುತಿಸಿ ಎಚ್ಚರಿಸುವ 223 ಉಪಕರಣಗಳಿಗೆ 2025ರ ಫೆಬ್ರವರಿ 25ರಂದು 80.43 ಕೋಟಿ ರೂಪಾಯಿಯ ಕರಾರಾಯಿತು. ಅವು ಭೂಸೇನೆಗೆ ಮತ್ತು ವಾಯುಪಡೆಗೆ. ನಾಗರಿಕರಿಗಾಗಿ ಅದೇ ವರ್ಷದ ಮೇ 7ರಂದು ದೇಶದಾದ್ಯಂತ ಅಣಕು ಕಾರ್ಯಾಚರಣೆ ನಡೆಯಿತು. ಬೆಂಗಳೂರಿನಲ್ಲಿ ಅದರ ಮುಖ್ಯ ಪ್ರದರ್ಶನ ಹಲಸೂರಿನಲ್ಲಿತ್ತು. ಸೈರನ್ ಕೇಳಿದಾಗ ನಮ್ಮ ಬೀದಿಯ ಹಿರಿಯರೊಬ್ಬರು 1971ರ ಯುದ್ಧದ ರಾತ್ರಿಗಳಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದನ್ನು ಹೇಳಿದರು. ವಿಮಾನ ದಾಳಿಯ ನೆನಪು ಒಂದು ತಲೆಮಾರಿಗಾದರೂ ಉಳಿದಿದೆ. ಅನಿಲ ಬಂದರೆ ಏನು ಮಾಡಬೇಕೆಂಬುದರ ನೆನಪು ಯಾವ ತಲೆಮಾರಿಗೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ 1996ರ ಆಗಸ್ಟ್ 1ಕ್ಕೆ ಮರಳಬೇಕು, ಏಕೆಂದರೆ ಬೀದಿಯವರೆಗೆ ಇಳಿದ ಕಾನೂನು ಒಂದಿದ್ದರೆ ಅದು ಅಂದು ಬಂದದ್ದೇ. ಆ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆಗಳ ಬಿಕ್ಕಟ್ಟು ನಿರ್ವಹಣಾ ಗುಂಪುಗಳಲ್ಲದೆ ಕೈಗಾರಿಕಾ ನೆಲೆಯೊಂದಕ್ಕೆ ಸ್ಥಳೀಯ ಗುಂಪನ್ನೂ ಕಲ್ಪಿಸಿವೆ. ಅದು ತಿಂಗಳಿಗೊಮ್ಮೆ ಸೇರಬೇಕು. ಕಾರ್ಖಾನೆ ಇನ್ಸ್‌ಪೆಕ್ಟರು, ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ಉದ್ಯಮಿಗಳು, ಸಾಗಣೆದಾರರಷ್ಟೇ ಅಲ್ಲ, ಆ ಭಾಗದ ಹೆಸರುವಾಸಿ ವೈದ್ಯರಿಬ್ಬರು, ಸಮಾಜಸೇವಕರಿಬ್ಬರು, ಸ್ಥಳೀಯ ಪತ್ರಿಕೆಯ ಸಂಪಾದಕ ಕೂಡ ಅದರಲ್ಲಿರಬೇಕು. ಯಾವ ಅಧಿಕಾರಿ ಆ ಪಟ್ಟಿ ಬರೆದರೋ, ಅವರು ಭೋಪಾಲವನ್ನು ಚೆನ್ನಾಗಿ ಅರಿತಿದ್ದವರು. ಕಾರ್ಖಾನೆಯೊಳಗಿನ ಗುಟ್ಟು ಹೊರಗಿನವರಿಗೆ ಗೊತ್ತಿಲ್ಲದ್ದರಿಂದಲೇ ಅಲ್ಲಿ ಸಾವು ಅಷ್ಟಾಯಿತೆಂದು ತಿಳಿದು, ಹೊರಗಿನವರನ್ನು ಒಳಗೆ ಕೂರಿಸಿದರು.

ಅಂಥ ಗುಂಪು ಕಾಮಾಕ್ಷಿಪಾಳ್ಯಕ್ಕೂ ಬಾಪೂಜಿನಗರಕ್ಕೂ ಬೇಕು. ಅದರ ಮೊದಲ ಕೆಲಸ ಆವರಣಗಳನ್ನು ಒಂದೊಂದಾಗಿ ಅಳೆಯುವುದಲ್ಲ, ವಾರ್ಡಿನ ಎಲ್ಲ ಗೋದಾಮು, ಪ್ಲೇಟಿಂಗ್ ಶೆಡ್ಡು, ನೀರಿನ ಕ್ಲೋರಿನ್ ಕೊಠಡಿಗಳಲ್ಲಿರುವುದನ್ನು ಕೂಡಿಸಿ ಒಂದೇ ಹಾಳೆಯಲ್ಲಿ ಬರೆಯುವುದು, ಲಾರಿಗೆ ಹಾಕುವ ನಾಲ್ಕಂಕಿಯ ಸಂಖ್ಯೆಯನ್ನು ಶಟರಿಗೂ ಹಾಕಿಸುವುದು, ಆ ಹಾಳೆಯ ಒಂದು ಪ್ರತಿಯನ್ನು ಹತ್ತಿರದ ಅಗ್ನಿಶಾಮಕ ಠಾಣೆಗೂ ಇನ್ನೊಂದನ್ನು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ತುರ್ತು ವಿಭಾಗಕ್ಕೂ ಕೊಡುವುದು. ಇದಕ್ಕೆ ಹೊಸ ಕಾಯಿದೆ ಬೇಡ. ಯಾವ ಪ್ರದೇಶವನ್ನು ಕೈಗಾರಿಕಾ ನೆಲೆಯೆಂದು ಗುರುತಿಸಬೇಕೆಂಬ ಅಧಿಕಾರವನ್ನು ಆ ನಿಯಮಗಳು ರಾಜ್ಯ ಸರ್ಕಾರದ ಕೈಗೇ ಕೊಟ್ಟಿವೆ.